ಉಪ್ಪುಂದದಿಂದ ಕೊಡಚಾದ್ರಿಯ ಹುಲ್ಲುಬಯಲಿಗೆ

ಆಂಗ್ಲ ಕಾದಂಬರಿಗಳ ಪರಿಚಯವುಳ್ಳ ವಿದ್ಯಾರ್ಥಿಗಳಿಗೆ ‘ಮೂರ್’ ಎಂಬ ಶಬ್ದ ಹೊಸದಲ್ಲ. ಷರ್ಲಾಕ್ ಹೋಮ್ಸನು ಬ್ಯಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ರಹಸ್ಯವನ್ನು ಭೇದಿಸಿದುದು ಡಾರ್ಟ್‌ಮೂರ್ ಪ್ರದೇಶದಲ್ಲಿ; ಎಮಿಲಿ ಬ್ರಾಂಟೆಯ ಪಾತ್ರಗಳು ಅಲೆದಾಡುವುದು ಯಾರ್ಕ್‌ಷೈರಿನ ಮೂರ್ ಭೂಮಿಯ ಮೇಲೆ. ಆದರೆ ಈ ಶಬ್ದವನ್ನು ಕನ್ನಡಕ್ಕೆ ತರುವಾಗ ನಾವು ತಡವರಿಸಬೇಕಾಗುತ್ತದೆ. ‘ಬೀಳು’ ಎಂದರೆ ಒಮ್ಮೆ ಉತ್ತು ಬಿತ್ತಿ ಆಮೇಲೆ ಕೈಬಿಟ್ಟ ನೆಲ. ‘ಬಂಜರು’ ಎಂದರೆ ಏನೂ ಬೆಳೆಯದ ನೆಲ. ಮೂರ್ ಎಂಬುದು ಇವೆರಡೂ ಅಲ್ಲ. ಮಳೆ ಬಹಳ, ಗಾಳಿ ಬಹಳ, ಮಣ್ಣು ತೆಳು, ಅದೂ ಹುಳಿಗುಣದ್ದು. ಮರ ವಿರಳ, ಹುಲ್ಲೂ ಗಿಡ್ಡ ಪೊದೆಗಳೂ ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಎತ್ತರದ ಬಯಲು ಅದು. ಒಂದು ನೆಲಕ್ಕೆ ತಕ್ಕ ಹೆಸರಿಲ್ಲದೆ ಹೋದರೆ ಅದನ್ನು ನಾವು ನಿರುಪಯುಕ್ತವೆಂದು ಎಣಿಸತೊಡಗುತ್ತೇವೆ. ಇದು ಕೇವಲ ಭಾಷೆಯ ಪ್ರಶ್ನೆಯಲ್ಲವೆಂಬುದು ಮುಂದೆ ತಿಳಿದುಬರುವುದು.

ಇಂಥ ನೆಲವನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಬೈಂದೂರು ತಾಲ್ಲೂಕಿನ ಉಪ್ಪುಂದದಿಂದ ಒಂದು ಸೈಕಲ್ಲಿನಲ್ಲಿ ಹೊರಟವನಿಗೆ ಒಂದೇ ಯಾತ್ರೆಯಲ್ಲಿ ಅದರ ಎರಡು ಬಗೆಗಳು ಕಾಣಸಿಗುತ್ತವೆ. ಒಂದು, ಬೈಂದೂರಿನ ಬಳಿ ಕಡಲಿಗೆ ಅಂಟಿಕೊಂಡೇ ಇರುವ ಒತ್ತಿನೆಣೆಯ ಮುರಕಲ್ಲಿನ ಗುಡ್ಡ. ಇನ್ನೊಂದು, ಉಪ್ಪುಂದಕ್ಕೆ ನೇರ ಪೂರ್ವದಲ್ಲಿ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ೨೫ ಕಿಲೋಮೀಟರು ದೂರದಲ್ಲಿ, ೧,೩೪೩ ಮೀಟರು ಎತ್ತರಕ್ಕೆ ನಿಂತಿರುವ ಕೊಡಚಾದ್ರಿ. ಅದರ ಸುತ್ತಣ ಕಾಡು ೧೯೭೪ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದುದು; ಮೊದಲು ೨೪೭ ಚದರ ಕಿಲೋಮೀಟರು ಇದ್ದ ಈ ಧಾಮ ಈಗ ೩೭೦ ಚದರ ಕಿಲೋಮೀಟರಿಗೆ ವಿಸ್ತರಿಸಿದೆ. ಸಿಂಗಳೀಕಗಳ ನೆಲೆಯೆಂದು ಅದು ಪ್ರಸಿದ್ಧ. ಬೆಟ್ಟದ ಹಳೆಯ ಹೆಸರು ಕುಟಜಾದ್ರಿ. ಕುಟಜವೆಂದರೆ ನಮ್ಮ ಕೊಡಸಿಗೆ ಗಿಡ.

ಮೊದಲು ಒತ್ತಿನೆಣೆ. ಜನ ಇಲ್ಲಿಗೆ ಸೂರ್ಯಾಸ್ತ ನೋಡಲು ಬಂದು ಕಡಲನ್ನೇ ದಿಟ್ಟಿಸಿ ಹಿಂದಿರುಗುತ್ತಾರೆ. ಕಾಲ ಕೆಳಗಿನ ಕಲ್ಲನ್ನು ನೋಡುವವರು ಕಡಮೆ. ಈ ಕೆಂಪು ತೂತುಗಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಪರೀಕ್ಷಿಸಿ, ೧೮೦೧ರ ಆರಂಭದಲ್ಲಿ ನಮ್ಮ ಕರಾವಳಿಯನ್ನೂ ಹಾದುಹೋದ ಆತ, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಹೆಸರನ್ನು ಬಳಸಿದ. ‘ಲ್ಯಾಟರ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ. ನೆಲದೊಳಗಿರುವಾಗ ಕೊಡಲಿಗೂ ಬಾಗುವ ಈ ಕಲ್ಲು ಗಾಳಿಗೆ ತೆರೆದುಕೊಂಡ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಮನೆ ಕಟ್ಟಿಸಿದ ನಮ್ಮ ಊರಿನವರೆಲ್ಲರೂ ಬಲ್ಲರು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವ ಕರಾವಳಿಯಲ್ಲಿ ನೀರು ಯುಗಯುಗಗಳಿಂದ ಬಂಡೆಯೊಳಗಿನ ಸಿಲಿಕವನ್ನೂ ಸುಣ್ಣವನ್ನೂ ಇತರ ಕರಗುವ ಲವಣಗಳನ್ನೂ ತೊಳೆದೊಯ್ದಿದೆ. ಉಳಿದುದು ಕರಗದ ಕಬ್ಬಿಣದ ಹಾಗೂ ಅಲ್ಯುಮಿನಿಯಮ್ಮಿನ ಆಕ್ಸೈಡುಗಳು. ಕಲ್ಲಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪೇ ಸರಿ.

ಇಂಥ ಕಲ್ಲಿನ ಮೇಲೆ ಬೇರೂರುವುದು ಸುಲಭವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾರೆಯ ತಗ್ಗುಗಳಲ್ಲಿ ಕೆಲವೇ ಅಂಗುಲ ಆಳದ ನೀರು ನಿಂತಿರುತ್ತದೆ. ಏಪ್ರಿಲಿನಲ್ಲಿ ಅದೇ ಪಾರೆ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಆ ನಿಂತ ನೀರಿನಲ್ಲಿ ಸಾರಜನಕದ ಆಹಾರ ಬಹಳ ಕಡಮೆ. ಅದನ್ನು ಬೇರಿನಿಂದ ಪಡೆಯಲಾರದ ಗಿಡಗಳು ಕೀಟಗಳಿಂದ ಪಡೆಯುತ್ತವೆ. ಮಳೆಗಾಲ ತಗ್ಗುತ್ತಿರುವಾಗ ಮುರಕಲ್ಲಿನ ಪಾರೆಗಳಲ್ಲಿ ಮಂಡಿಯೂರಿ ಹುಡುಕಿದರೆ ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊತ್ತ ಡ್ರಾಸೆರ ಸಿಕ್ಕುತ್ತದೆ; ನೀಲಿಯ ಸಣ್ಣ ಹೂ ಬಿಡುವ ಯುಟ್ರಿಕ್ಯುಲೇರಿಯ ಕಾಣುತ್ತದೆ. ಇದೇ ಡ್ರಾಸೆರ ಕುಲದ ಇನ್ನೊಂದು ಜಾತಿಯನ್ನು ೧೮೬೦ರ ಬೇಸಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಪೊದೆಬಯಲಿನಲ್ಲಿ ಕಂಡು ಬೆರಗಾದ ಚಾರ್ಲ್ಸ್ ಡಾರ್ವಿನ್, ಹದಿನೈದು ವರ್ಷಗಳ ಅಭ್ಯಾಸದ ಬಳಿಕ, ೧೮೭೫ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಅಲ್ಲಿಯ ಹುಳಿಮಣ್ಣಿನ ಬಯಲಿಗೂ ಇಲ್ಲಿಯ ಮುರಕಲ್ಲಿಗೂ ಹವೆಯಲ್ಲಿ ಯಾವ ಹೋಲಿಕೆಯೂ ಇಲ್ಲ. ಬಡತನ ಮಾತ್ರ ಒಂದೇ; ಅದಕ್ಕೆ ಗಿಡಗಳು ಕಂಡುಕೊಂಡ ಉಪಾಯವೂ ಒಂದೇ.

ಯುಟ್ರಿಕ್ಯುಲೇರಿಯದ ಬಲೆಯಂತೂ ಭೌತಶಾಸ್ತ್ರದ ವಿದ್ಯಾರ್ಥಿ ನೋಡಲೇಬೇಕಾದ ಯಂತ್ರ. ನೆಲದೊಳಗೆ ಅಥವಾ ನೀರಿನಲ್ಲಿ ಸಾಸಿವೆಗಿಂತಲೂ ಸಣ್ಣದಾದ ಚೀಲಗಳಿರುತ್ತವೆ. ಗಿಡವು ಚೀಲದೊಳಗಿನ ನೀರನ್ನು ನಿಧಾನವಾಗಿ ಹೊರಕ್ಕೆ ದೂಡುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ವಾಯುಭಾರದ ಸುಮಾರು ಏಳನೆಯ ಒಂದು ಪಾಲಿನಷ್ಟು ಇಳಿದು, ಚೀಲದ ಗೋಡೆಗಳು ಒಳಕ್ಕೆ ಕುಗ್ಗಿ, ಎಳೆದ ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. ಬಾಗಿಲ ಬಳಿಯ ರೋಮವನ್ನು ಒಂದು ಹುಳ ಸೋಕಿತೆಂದರೆ ಬಾಗಿಲು ಒಳಕ್ಕೆ ಬಾಗುತ್ತದೆ. ನೀರು ಹುಳವನ್ನೆಳೆದುಕೊಂಡು ಒಳನುಗ್ಗುತ್ತದೆ. ಈ ಕಾರ್ಯಕ್ಕೆ ತಗಲುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅತಿವೇಗದ ಕ್ಯಾಮರದಿಂದ ಚಿತ್ರ ತೆಗೆದ ಸಂಶೋಧಕರು, ನೀರಿನ ವೇಗೋತ್ಕರ್ಷ ಗುರುತ್ವದ ೬೦೦ ಪಟ್ಟಿನವರೆಗೆ ಏರುವುದೆಂದು ೨೦೧೧ರಲ್ಲಿ ಪ್ರಕಟಿಸಿದರು. ಬೈಂದೂರಿನ ಗುಡ್ಡದ ಮೇಲೆ, ಯಾರೂ ಕಾಣದಂತೆ, ಇಂಥ ಸಾವಿರಾರು ಪಂಪುಗಳು ಕೆಲಸ ಮಾಡುತ್ತಿರುತ್ತವೆ.

ಒತ್ತಿನೆಣೆಯಿಂದ ಬೈಂದೂರಿಗೆ ಮರಳಿ ಪೂರ್ವಕ್ಕೆ ತಿರುಗಿದರೆ ಗೋಳಿಹೊಳೆ, ಎಳಜಿತ್ ಮಾರ್ಗವಾಗಿ ಕೊಲ್ಲೂರಿನ ದಾರಿ. ಉಪ್ಪುಂದದಿಂದ ಲೆಕ್ಕ ಹಾಕಿದರೆ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಈ ದೂರಕ್ಕೆ ಸೈಕಲ್ಲಿಗಿಂತ ಮಿತವ್ಯಯದ ವಾಹನವಿಲ್ಲ. ಸಮತಟ್ಟಾದ ದಾರಿಯಲ್ಲಿ ಒಬ್ಬನು ಒಂದು ಕಿಲೋಮೀಟರು ನಡೆಯಲು ವ್ಯಯಿಸುವ ಶಕ್ತಿಯ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರವೇ ಅಷ್ಟು ದೂರ ಸೈಕಲ್ಲಿನಲ್ಲಿ ಸಾಗಲು ಸಾಕು. ನಡೆಯುವಾಗ ಹೆಜ್ಜೆ ಹೆಜ್ಜೆಗೂ ದೇಹವನ್ನು ಎತ್ತಿ ಇಳಿಸಬೇಕು. ಸೈಕಲ್ಲು ಆ ಭಾರವನ್ನು ತಾನು ಹೊರುತ್ತದೆ. ಸವಾರನ ತೂಕ ೬೦ ಕಿಲೋಗ್ರಾಂ, ಕಬ್ಬಿಣದ ಸೈಕಲ್ಲಿನದು ೨೦ ಎಂದಿಟ್ಟುಕೊಳ್ಳೋಣ. ಗಂಟೆಗೆ ೧೫ ಕಿಲೋಮೀಟರಿನ ವೇಗದಲ್ಲಿ ಚಕ್ರದ ಘರ್ಷಣೆಯೂ ಗಾಳಿಯ ತಡೆಯೂ ಸೇರಿ ಸುಮಾರು ೧೨ ನ್ಯೂಟನ್ ಬಲವನ್ನು ಒಡ್ಡುತ್ತವೆ. ಅದನ್ನು ಗೆಲ್ಲಲು ೫೦ ವಾಟ್ ಸಾಮರ್ಥ್ಯ ಬೇಕು. ಒಂದು ಹಳೆಯ ಸಣ್ಣ ಬಲ್ಬಿನಷ್ಟೆ!

ಈಗ ರಸ್ತೆ ಹತ್ತಕ್ಕೆ ಒಂದರಂತೆ ಏರತೊಡಗಿತೆನ್ನಿ. ೮೦ ಕಿಲೋಗ್ರಾಂ ಭಾರವನ್ನು ಈ ಇಳಿಜಾರಿನಲ್ಲಿ ಮೇಲೆಳೆಯಲು ಗುರುತ್ವಕ್ಕೆ ಪ್ರತಿಯಾಗಿ ೭೮ ನ್ಯೂಟನ್, ಚಕ್ರದ ಘರ್ಷಣೆಗೆ ೬ ನ್ಯೂಟನ್, ಒಟ್ಟು ೮೪ ನ್ಯೂಟನ್ ಬೇಕು. ಅದೇ ೫೦ ವಾಟ್ ಸಾಮರ್ಥ್ಯದಿಂದ ಸಾಧ್ಯವಾಗುವ ವೇಗ ಸೆಕೆಂಡಿಗೆ ೦.೬ ಮೀಟರು, ಎಂದರೆ ಗಂಟೆಗೆ ಎರಡು ಕಿಲೋಮೀಟರು. ಈ ವೇಗದಲ್ಲಿ ಸೈಕಲ್ಲು ನೆಟ್ಟಗೆ ನಿಲ್ಲುವುದೇ ಕಷ್ಟ. ಆದುದರಿಂದ ಘಾಟಿಯ ಬುಡದಲ್ಲಿ ಸೈಕಲ್ಲನ್ನು ಬಿಟ್ಟು ನಡೆಯುವುದು ಸೋಲಲ್ಲ, ಗಣಿತ. ಗೇರುಳ್ಳ ಹೊಸ ಸೈಕಲ್ಲುಗಳು ತುಳಿಯುವ ಬಲವನ್ನು ಹಗುರ ಮಾಡಿಕೊಟ್ಟಾವು. ಒಟ್ಟು ಕಾರ್ಯವನ್ನು ಕಡಮೆ ಮಾಡಲಾರವು.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಕಾಡಿನ ಕಾಲುದಾರಿಯಿದೆ. ನಾಗೋಡಿ ಘಾಟಿಯನ್ನು ಬಳಸಿ ಜೀಪುಗಳು ಹೋಗುವ ಒರಟು ದಾರಿಯೂ ಇದೆ. ನಡೆಯುವವನು ತನ್ನ ಆಹಾರದ ಲೆಕ್ಕವನ್ನು ಮೊದಲೇ ಹಾಕಬಹುದು. ೬೦ ಕಿಲೋಗ್ರಾಂ ದೇಹವನ್ನು ೧,೨೦೦ ಮೀಟರು ಎತ್ತಲು ಮಾಡಬೇಕಾದ ಕಾರ್ಯ ಸುಮಾರು ಏಳು ಲಕ್ಷ ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಪಾಲನ್ನು ಮಾತ್ರ ಕಾರ್ಯವಾಗಿ ಪರಿವರ್ತಿಸಬಲ್ಲವು; ಆದ್ದರಿಂದ ಬೇಕಾಗುವುದು ಇಪ್ಪತ್ತೆಂಟು ಲಕ್ಷ ಜೂಲ್, ಅಂದರೆ ಸುಮಾರು ೬೭೦ ಕಿಲೋಕ್ಯಾಲೊರಿ. ಇನ್ನೂರು ಗ್ರಾಮಿಗಿಂತ ತುಸು ಕಡಮೆ ಕುಚ್ಚಲಕ್ಕಿಯ ಗಂಜಿಯಲ್ಲಿ ಇಷ್ಟು ಶಕ್ತಿಯಿದೆ. ಆದರೆ ಕಾರ್ಯವಾಗದೆ ಉಳಿದ ಇಪ್ಪತ್ತೊಂದು ಲಕ್ಷ ಜೂಲ್ ಎಲ್ಲಿ ಹೋಯಿತು? ಶಾಖವಾಗಿ ಮೈಯಲ್ಲೇ ಇದೆ. ಅದನ್ನು ಬೆವರಿನ ಬಾಷ್ಪೀಕರಣವೊಂದರಿಂದಲೇ ಕಳೆದುಕೊಳ್ಳುವುದಾದರೆ, ಗುಪ್ತೋಷ್ಣದ ಪ್ರಕಾರ, ಮುಕ್ಕಾಲು ಲೀಟರಿಗೂ ಮೀರಿದ ನೀರು ಆವಿಯಾಗಬೇಕು. ನಮ್ಮ ಕರಾವಳಿಯ ಆರ್ದ್ರ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಸುಮ್ಮನೆ ನಷ್ಟ. ಎರಡು ಲೀಟರು ನೀರಿಲ್ಲದೆ ಈ ಬೆಟ್ಟವನ್ನು ಹತ್ತಲು ಯಾರೂ ಹೊರಡಬಾರದೆಂದು ನಾವು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುವುದು ಈ ಕಾರಣದಿಂದ.

ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಸಾಮಾನ್ಯವಾಗಿ ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ಉಪ್ಪುಂದದಲ್ಲಿ ೩೦ ಡಿಗ್ರಿ ಇದ್ದಾಗ ಶಿಖರದಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಇರಬಹುದು. ವಾಯುಭಾರವು ಕಡಲತೀರದ ೧,೦೧೩ ಮಿಲಿಬಾರಿನಿಂದ ೮೬೦ರ ಹತ್ತಿರಕ್ಕೆ ಇಳಿದು, ನೀರು ೧೦೦ರ ಬದಲು ೯೫½ ಡಿಗ್ರಿಯ ಸುಮಾರಿನಲ್ಲೇ ಕುದಿಯುತ್ತದೆ. ಅನ್ನ ಬೇಯಲು ತಡವೇಕೆಂದು ಸೌದೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಇದಕ್ಕಿಂತ ಮುಖ್ಯವಾದುದು ಮೋಡದ ಲೆಕ್ಕ. ನೆಲಮಟ್ಟದ ಗಾಳಿಯ ಉಷ್ಣತೆಗೂ ಅದರ ಇಬ್ಬನಿಬಿಂದುವಿಗೂ ಇರುವ ವ್ಯತ್ಯಾಸವನ್ನು ೧೨೫ರಿಂದ ಗುಣಿಸಿದರೆ, ಮೋಡದ ತಳ ಎಷ್ಟು ಮೀಟರು ಎತ್ತರದಲ್ಲಿರುವುದೆಂದು ಸ್ಥೂಲವಾಗಿ ತಿಳಿಯುತ್ತದೆ. ಜುಲೈಯಲ್ಲಿ ತೀರದ ಉಷ್ಣತೆ ೨೭, ಇಬ್ಬನಿಬಿಂದು ೨೫ ಇದ್ದರೆ ವ್ಯತ್ಯಾಸ ಎರಡು. ಮೋಡ ೨೫೦ ಮೀಟರಿನಲ್ಲೇ ಕಟ್ಟುತ್ತದೆ. ಅಂದರೆ ಬೆಟ್ಟದ ಮೇಲಿನ ಸಾವಿರ ಮೀಟರು ಮೋಡದೊಳಗೆ. ಡಿಸೆಂಬರಿನ ಒಣಗಾಳಿಯಲ್ಲಿ ೩೨ ಮತ್ತು ೨೦ ಎಂದಾದರೆ ಮೋಡದ ತಳ ೧,೫೦೦ ಮೀಟರಿಗೇರಿ, ಶಿಖರ ಅದರ ಕೆಳಗೆ ನಿಚ್ಚಳವಾಗಿ ನಿಲ್ಲುತ್ತದೆ. ಉಪ್ಪುಂದದ ಕಡಲತೀರದಲ್ಲಿ ನಿಂತು ಎರಡು ತಾಪಮಾಪಕಗಳಿಂದ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಆರ್ದ್ರತೆಯ ಕೋಷ್ಟಕದ ಸಹಾಯದಿಂದ ಈ ಲೆಕ್ಕವನ್ನು ಹಾಕಬಹುದು. ಪ್ರಯೋಗಶಾಲೆಯಲ್ಲಿ ಅಂಕಕ್ಕಾಗಿ ಮಾಡುವ ಪ್ರಯೋಗವೇ ಇದು.

ಕಾಡು ಮುಗಿದು ಹುಲ್ಲು ತೊಡಗುವ ಜಾಗ ಬಂದಾಗ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ: ಇಷ್ಟು ಮಳೆಯಿದ್ದರೂ ಇಲ್ಲಿ ಮರವೇಕಿಲ್ಲ? ಕೂಡಲೆ ದೊರೆಯುವ ಉತ್ತರ, ‘ಯಾರೋ ಕಡಿದಿರಬೇಕು’ ಎಂಬುದು. ಪ್ರಕೃತಿಯನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲ. ಬೆನ್ನೇಣುಗಳಲ್ಲಿ ಮಣ್ಣು ಗೇಣುದ್ದವೂ ಇಲ್ಲ. ಮಳೆಯಲ್ಲಿ ನೆನೆದು ತೊಯ್ಯುವ ಅದು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಬುಡದಲ್ಲಿ ಗಂಟೆಗೆ ೩೦ ಕಿಲೋಮೀಟರಿನಂತೆ ಬೀಸುವ ಗಾಳಿ ಏಣಿನ ಮೇಲೆ ೬೦ ಆಯಿತೆಂದರೆ ಮರದ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೇಸಗೆಯ ಬೆಂಕಿ ಹುಲ್ಲನ್ನು ಸುಟ್ಟರೂ ಅದು ಬುಡದಿಂದ ಚಿಗುರುತ್ತದೆ. ಮರದ ಸಸಿ ಸತ್ತೇ ಹೋಗುತ್ತದೆ. ಮಣ್ಣೂ ನೀರೂ ಕೂಡಿಕೊಂಡ, ಗಾಳಿಯ ಮರೆಯುಳ್ಳ ಕಣಿವೆಗಳಲ್ಲಿ ಮಾತ್ರ ‘ಶೋಲಾ’ ಎಂಬ ಗಿಡ್ಡಮರಗಳ ದಟ್ಟಗಾಡು. ನೀಲಗಿರಿಯಂಥ ಎತ್ತರಗಳಲ್ಲಿ ಹಿಮವೂ ಸಸಿಗಳನ್ನು ಕೊಲ್ಲುತ್ತದೆ. ಕೊಡಚಾದ್ರಿಗೆ ಆ ಕಾರಣ ಅನ್ವಯಿಸದು. ಮನುಷ್ಯನ ಬೆಂಕಿ, ದನಗಳ ಮೇವು ಇವುಗಳ ಪಾತ್ರವೂ ಇಲ್ಲವೆನ್ನುವಂತಿಲ್ಲ.

ಹುಲ್ಲು ಹಳೆಯದೋ ಕಾಡು ಕಡಿದುದರ ಫಲವೋ ಎಂಬುದನ್ನು ತಿಳಿಯುವ ಸೊಗಸಾದ ಉಪಾಯವೊಂದು ಪರಮಾಣು ವಿಜ್ಞಾನದಿಂದ ದೊರೆತಿದೆ. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ಒಂದು, ಉಳಿದವುಗಳಿಗಿಂತ ತುಸು ಭಾರವಾದ ಇಂಗಾಲ-೧೩. ಮರಗಿಡಗಳು ಗಾಳಿಯಿಂದ ಇಂಗಾಲಾಮ್ಲವನ್ನು ಹೀರುವಾಗ ಈ ಭಾರವಾದುದನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಉಷ್ಣವಲಯದ ಬಹುಪಾಲು ಹುಲ್ಲುಗಳು ಬೇರೊಂದು ರಾಸಾಯನಿಕ ಮಾರ್ಗವನ್ನು ಹಿಡಿಯುವುದರಿಂದ ಅಷ್ಟಾಗಿ ಬಿಡುವುದಿಲ್ಲ. ಸತ್ತ ಗಿಡಗಳು ಕೊಳೆಯದೆ ಪದರು ಪದರಾಗಿ ಕೂಡಿದ ಜೌಗುಮಣ್ಣಿನಲ್ಲಿ ಈ ಅನುಪಾತ ಸಾವಿರಾರು ವರ್ಷ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು ನೀಲಗಿರಿಯ ಇಂಥ ಮಣ್ಣನ್ನು ಪರೀಕ್ಷಿಸಿ ೧೯೯೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಇಪ್ಪತ್ತು ಸಾವಿರ ವರ್ಷಗಳಿಂದಲೂ ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ತೇವ ಹೆಚ್ಚಿದಾಗ ಹಿಂದೆ ಸರಿದಿದೆ. ಬೇಸಾಯವೇ ಹುಟ್ಟದ ಕಾಲದಲ್ಲೂ ಅಲ್ಲಿ ಹುಲ್ಲುಗಾವಲಿತ್ತು. ನೀಲಗಿರಿಯ ಲೆಕ್ಕವನ್ನು ಕೊಡಚಾದ್ರಿಗೆ ಹಾಗೆಯೇ ಅಂಟಿಸುವುದು ಶಾಸ್ತ್ರೀಯವಲ್ಲ. ಆದರೂ, ಮರವಿಲ್ಲದ ಬೆಟ್ಟವೆಲ್ಲ ಹಾಳಾದ ಕಾಡು ಎಂಬ ನಂಬಿಕೆಯನ್ನು ಇನ್ನು ಕೈಬಿಡಲೇಬೇಕು.

ಈ ನಂಬಿಕೆಯಿಂದಾದ ಹಾನಿ ಸಣ್ಣದಲ್ಲ. ನೀಲಗಿರಿಯ ಹುಲ್ಲುಬಯಲುಗಳಲ್ಲಿ ಆಸ್ಟ್ರೇಲಿಯದ ವ್ಯಾಟಲ್ ಮರಗಳನ್ನೂ ನೀಲಗಿರಿ ಮರಗಳನ್ನೂ ನೆಟ್ಟು, ವಿಶಾಲವಾದ ಪ್ರದೇಶ ಮರೆಯಾಯಿತು. ನಮ್ಮ ಕರಾವಳಿಯ ಎಷ್ಟೋ ಮುರಕಲ್ಲಿನ ಗುಡ್ಡಗಳು ಅಕೇಶಿಯಾ ತೋಪುಗಳಾಗಿವೆ. ಉಳಿದವುಗಳಲ್ಲಿ ಕಲ್ಲಿನ ಕೋರೆಗಳು. ಭಾರತ ಸರ್ಕಾರ ಪ್ರಕಟಿಸುವ ಬಂಜರುಭೂಮಿಗಳ ಭೂಪಟ ಗ್ರಂಥದಲ್ಲಿ ಬರಡು ಬಂಡೆನೆಲವೆಂಬುದು ಒಂದು ಪ್ರತ್ಯೇಕ ವರ್ಗ. ಯುಟ್ರಿಕ್ಯುಲೇರಿಯದ ಊರಿಗೆ ಕಾಗದದ ಮೇಲೆ ಸಿಕ್ಕುವ ಸ್ಥಾನ ಅದು. ಕೊಡಚಾದ್ರಿಯ ದಕ್ಷಿಣಕ್ಕಿರುವ ಕುದುರೆಮುಖದ ಹುಲ್ಲುಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ರ ಕೊನೆಗೆ ನಿಂತಿತು. ಅಗೆದ ಬೆಟ್ಟದ ಮೇಲೆ ಸಸಿ ನೆಡಬಹುದು. ಹಳೆಯ ಹುಲ್ಲುಬಯಲನ್ನು ನೆಡುವ ವಿದ್ಯೆ ಇನ್ನೂ ನಮ್ಮ ಕೈಗೆ ಬಂದಿಲ್ಲ.

ಇನ್ನು ನೋಡಲು ಹೋಗುವ ನಮ್ಮಿಂದಲೇ ಆಗುವ ಹಾನಿ. ಹಾಲೆಂಡಿನ ಹೋಗ ವೇಲುವ ರಾಷ್ಟ್ರೀಯ ಉದ್ಯಾನದಲ್ಲಿ, ಮರಳು ಮತ್ತು ಪೊದೆಗಳ ಬಯಲನ್ನು ನೋಡಲು ಬಂದವರಿಗೆ ಬಾಗಿಲಲ್ಲೇ ಬಿಳಿಯ ಸೈಕಲ್ಲುಗಳನ್ನು ಉಚಿತವಾಗಿ ಕೊಡುತ್ತಾರೆ. ಸೈಕಲ್ಲು ಹೊಗೆಯುಗುಳದು, ಸದ್ದು ಮಾಡದು. ಹಾಗಿದ್ದಲ್ಲಿ ನಮ್ಮ ಹುಲ್ಲಿನ ಮೇಲೂ ಅದನ್ನೇಕೆ ಓಡಿಸಬಾರದು? ವಾಚಕರು ಸ್ವಲ್ಪ ಲೆಕ್ಕ ಹಾಕಿ ನೋಡಲಿ. ೬೦ ಕಿಲೋಗ್ರಾಂ ತೂಕದವನು ಒಂಟಿಕಾಲಿನ ಮೇಲೆ ನಿಂತರೆ ಅಂಗಾಲಿನ ಸುಮಾರು ೧೫೦ ಚದರ ಸೆಂಟಿಮೀಟರು ನೆಲವನ್ನು ಮುಟ್ಟುತ್ತದೆ. ಒತ್ತಡ ವಾಯುಭಾರದ ೦.೪ರಷ್ಟು. ಸೈಕಲ್ಲಿನ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಮೆ ಅದರೊಳಗಿನ ಗಾಳಿಯ ಒತ್ತಡದಿಂದಲೇ. ಅದು ಸುಮಾರು ಮೂರು ವಾಯುಭಾರ. ಪಾದಕ್ಕಿಂತ ಏಳು ಪಟ್ಟು! ನಡೆಯುವಾಗ ಹಿಮ್ಮಡಿಯ ಪೆಟ್ಟು ಹೆಚ್ಚೆಂಬುದು ನಿಜವಾದರೂ ಇನ್ನೊಂದು ವ್ಯತ್ಯಾಸವಿದೆ. ಹೆಜ್ಜೆಗಳು ಬಿಡಿಬಿಡಿಯಾದ ಗುಳಿಗಳು. ಚಕ್ರ ಎಳೆಯುವುದು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ. ಹಾಲೆಂಡಿನ ಸಮತಟ್ಟಾದ, ಗಟ್ಟಿ ಹಾಸಿನ ದಾರಿಗಳಲ್ಲಿ ಅದರಿಂದ ಕೆಡುಕಿಲ್ಲ. ಕೊಡಚಾದ್ರಿಯ ಇಳಿಜಾರಿನಲ್ಲಿ ಆ ಗೆರೆಯೇ ಮೊದಲ ಮಳೆಗೆ ಕಾಲುವೆಯಾಗುತ್ತದೆ. ಹರಿವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಅರುವತ್ತನಾಲ್ಕು ಪಟ್ಟಾಗುತ್ತದೆಂಬುದು ಜಲವಿಜ್ಞಾನದ ಹಳೆಯ ನಿಯಮ. ಗೇಣುದ್ದದ ಮಣ್ಣು ಎಷ್ಟು ಮಳೆಗಾಲ ತಾಳೀತು? ಜೀಪಿನ ದಾರಿಯ ಕೊರಕಲುಗಳನ್ನು ನೋಡಿದವರಿಗೆ ಉತ್ತರ ಹೇಳಬೇಕಾಗಿಲ್ಲ. ಸುತ್ತುದಾರಿಯನ್ನು ತಪ್ಪಿಸಲೆಂದು ನೇರವಾಗಿ ಇಳಿಯುವ ಪಾದಚಾರಿಗಳೂ ಇಂಥದೇ ಕಾಲುವೆಯನ್ನು ತೋಡುತ್ತಾರೆ. ಇದ್ದ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗುವುದೇ ಲೇಸು.

ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು. ಮಳೆ ಜೋರಾದಾಗ ಚಾರಣವನ್ನು ನಿಷೇಧಿಸುವುದುಂಟು. ಮಳೆಗಾಲದ ಕಾಡಿನಲ್ಲಿ ಇಂಬಳಗಳು ಕಾಲಿನ ಕಂಪನವನ್ನೂ ಉಸಿರಿನ ಇಂಗಾಲಾಮ್ಲವನ್ನೂ ಗುರುತಿಸಿ ಹತ್ತಿರ ಬರುತ್ತವೆ. ಉಪ್ಪುಂದದವರಿಗೆ ಉಪ್ಪಿನ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ! ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಎತ್ತರವಾದ ಕಬ್ಬಿಣದ ಕಂಬವೊಂದಿದೆ. ಅದರ ವಿಚಾರ ಬೇರೊಂದು ಲೇಖನಕ್ಕೆ ತಕ್ಕುದು. ಇನ್ನೂ ಮೇಲೆ, ಸರ್ವಜ್ಞ ಪೀಠವೆಂಬ ಕಲ್ಲಿನ ಮಂಟಪದ ಸುತ್ತ, ಬರಿಯ ಹುಲ್ಲು.

ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಕಡಲು. ಉಪ್ಪುಂದದ ತೀರದಲ್ಲಿ ನಿಂತವನ ದಿಗಂತ ಕೇವಲ ನಾಲ್ಕೂವರೆ ಕಿಲೋಮೀಟರು ದೂರದ್ದು. ಶಿಖರದಲ್ಲಿ ನಿಂತವನದು ಸುಮಾರು ೧೩೦ ಕಿಲೋಮೀಟರು. ದಿಗಂತವು ಒಂದು ಡಿಗ್ರಿಗೂ ತುಸು ಹೆಚ್ಚು ಕೆಳಗಿಳಿದಂತಾಗುವುದರಿಂದ ಸೂರ್ಯ ಅದನ್ನು ಮುಟ್ಟಲು ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಬೆಟ್ಟ ತೀರದಿಂದ ಸುಮಾರು ಕಾಲು ಡಿಗ್ರಿ ರೇಖಾಂಶ ಪೂರ್ವಕ್ಕಿದೆ. ಭೂಮಿ ಅಷ್ಟು ತಿರುಗಲು ಒಂದು ನಿಮಿಷ ಸಾಕು. ಒಂದನ್ನು ಕಳೆದರೆ, ಉಪ್ಪುಂದ ಮತ್ತು ಕೊಡಚಾದ್ರಿಗಳಲ್ಲಿ ನಿಂತ ಇಬ್ಬರು ಗೆಳೆಯರ ಸೂರ್ಯಾಸ್ತಗಳ ನಡುವೆ ಮೂರೂವರೆ ನಿಮಿಷಕ್ಕೂ ಮೀರಿದ ಅಂತರವಿರಬೇಕು. ಎರಡು ಗಡಿಯಾರಗಳನ್ನು ಆಕಾಶವಾಣಿಯ ಸಮಯಕ್ಕೆ ಸರಿಪಡಿಸಿಕೊಂಡು, ಡಿಸೆಂಬರಿನ ಒಂದು ನಿರ್ಮಲ ಸಂಜೆ ಇದನ್ನು ಅಳೆದು ನೋಡಬಹುದು. ಅದರಿಂದ ಭೂಮಿಯ ತ್ರಿಜ್ಯವನ್ನೂ ಸ್ಥೂಲವಾಗಿ ಲೆಕ್ಕ ಹಾಕಬಹುದು. ಬೆಟ್ಟದ ಮೇಲಿನ ಗೆಳೆಯ ರಾತ್ರಿ ಅಲ್ಲೇ ತಂಗುವ ಏರ್ಪಾಡು ಮಾಡಿಕೊಂಡಿರಬೇಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಮೆ ನೆಟ್ಟಗೆ ಮುಳುಗುವುದರಿಂದ ಸಂಜೆಬೆಳಕು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕಾಡಿನ ಕಾಲುದಾರಿಯನ್ನು ಇಳಿಯಲು ಅಷ್ಟು ಏನೇನೂ ಸಾಲದು.